1,28,000 ಚಿತ್ರಗಳ ಲೆಕ್ಕ

ಸಿನಿಮಾ ರೀಲು ತುಂಬಿದ್ದರೆ ಸಾವಿರ ಅಡಿ. ಒಂದಡಿ ಫಿಲ್ಮಿನಲ್ಲಿ ಹದಿನಾರು ಬಿಡಿಚಿತ್ರ. 1919ರಲ್ಲಿ ಶಿಕಾಗೋದಲ್ಲಿ ತೆರೆಕಂಡ ಮೂಕಿಚಿತ್ರ ‘ದಿ ಹೋಮ್‌ಸ್ಟೆಡರ್’ ಎಂಟು ರೀಲಿನದು. ಗುಣಿಸಿದರೆ ಹತ್ತಿರ ಹತ್ತಿರ 1,28,000 ಚಿತ್ರ! ಕಪ್ಪು ಅಮೆರಿಕನ್ನನೊಬ್ಬ ತೆಗೆದ ಮೊದಲ ಪೂರ್ಣಾವಧಿಯ ಸಿನಿಮಾ ಅದು. ಅದರ ಒಂದು ಪ್ರಿಂಟೂ ಇದುವರೆಗೆ ಸಿಕ್ಕಿಲ್ಲ.

ತೆಗೆದವನು ಆಸ್ಕರ್ ಮಿಶೋ. 1884ರಲ್ಲಿ ಇಲಿನಾಯ್ ರಾಜ್ಯದ ಮೆಟ್ರೊಪೊಲಿಸ್ ಊರಲ್ಲಿ ಹುಟ್ಟಿದ. ಅಪ್ಪ ಕೆಂಟಕಿಯಲ್ಲಿ ಗುಲಾಮನಾಗಿ ಹುಟ್ಟಿದವನು. ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಐವತ್ತನಾಲ್ಕೇ ವರ್ಷಕ್ಕೆ ಮಗ ಸಿನಿಮಾ ನಿರ್ದೇಶಕ. ನಡುವೆ ಅವನು ರೈಲಿನ ಪುಲ್‌ಮನ್ ಬೋಗಿಗಳಲ್ಲಿ ಪೋರ್ಟರ್ ಆಗಿದ್ದ, ದಕ್ಷಿಣ ಡಕೋಟಾದ ಬಯಲಲ್ಲಿ ಜಮೀನು ಹಿಡಿದು ಉತ್ತಿದ್ದ, ಆ ಬದುಕನ್ನೇ ಕಾದಂಬರಿಯಾಗಿ ಬರೆದು ತಾನೇ ಮಾರಿದ್ದ. ಅವನ ಕಾದಂಬರಿಯನ್ನು ಚಿತ್ರ ಮಾಡುತ್ತೇವೆಂದು ಒಂದು ಕಂಪನಿ ಬಂತು. ನಿರ್ದೇಶನ ನನ್ನದೇ ಎಂದ ಮಿಶೋ. ಅವರು ಒಪ್ಪಲಿಲ್ಲ. ಸರಿ, ತಾನೇ ಕಂಪನಿ ಕಟ್ಟಿ, ಷೇರು ಮಾರಿ ಹಣ ಕೂಡಿಸಿ ‘ದಿ ಹೋಮ್‌ಸ್ಟೆಡರ್’ ತೆಗೆದ.

ಅಲ್ಲಿಂದ 1948ರವರೆಗೆ, 29 ವರ್ಷಗಳಲ್ಲಿ, ನಲವತ್ತಕ್ಕೂ ಹೆಚ್ಚು ಚಿತ್ರ! ಬೆನ್ನಿಗೆ ಹಾಲಿವುಡ್ಡಿನ ಸ್ಟುಡಿಯೋ ಇಲ್ಲ. ಕಥೆ, ನಿರ್ದೇಶನ, ನಿರ್ಮಾಣ, ಹಂಚಿಕೆ ಎಲ್ಲ ಅವನದೇ. ಮುಂದಿನ ಚಿತ್ರದ ಸ್ಟಿಲ್ಲುಗಳನ್ನು ಹಿಡಿದು ಊರೂರು ಸುತ್ತುತ್ತಿದ್ದ. ಥಿಯೇಟರ್ ಮಾಲೀಕರಿಗೆ ತೋರಿಸಿ ಮುಂಗಡ ಪಡೆಯುತ್ತಿದ್ದ. ಆ ದುಡ್ಡಿನಲ್ಲಿ ಶೂಟಿಂಗ್. ಪರಿಚಯದವರ ಮನೆಯೇ ಸೆಟ್ಟು. ದೃಶ್ಯ ತುಸು ಕೆಟ್ಟರೂ ಮತ್ತೆ ತೆಗೆಯಲು ಫಿಲ್ಮ್ ಎಲ್ಲಿಂದ ಬರಬೇಕು? ಅವನ ಚಿತ್ರಗಳ ಒರಟುತನವನ್ನು ಹಳಿಯುವವರಿದ್ದಾರೆ. ನನಗೆ ಆ ಒರಟಿನಲ್ಲಿ ಅವನ ಖರ್ಚಿನ ಪುಸ್ತಕವೇ ಕಾಣುತ್ತದೆ. ಇಷ್ಟರ ನಡುವೆಯೇ 1925ರಲ್ಲಿ ಗಾಯಕ, ನಟ ಪಾಲ್ ರೋಬ್ಸನ್‌ನನ್ನು ಮೊದಲ ಸಲ ತೆರೆಗೆ ತಂದದ್ದೂ ಇವನೇ.

1920ರ ‘ವಿದಿನ್ ಅವರ್ ಗೇಟ್ಸ್’ ಚಿತ್ರದಲ್ಲಿ ಬಿಳಿಯರ ಗುಂಪು ಕಪ್ಪು ದಂಪತಿಯನ್ನು ಹಿಡಿದು ನೇಣಿಗೆ ಹಾಕುವ ದೃಶ್ಯವಿದೆ. ಹಿಂದಿನ ಬೇಸಿಗೆಯಷ್ಟೇ ಶಿಕಾಗೋದ ಜನಾಂಗೀಯ ಗಲಭೆಯಲ್ಲಿ 38 ಜನ ಸತ್ತಿದ್ದರು. ಈ ಚಿತ್ರ ಮತ್ತೆ ಬೆಂಕಿ ಹಚ್ಚೀತೆಂಬ ಭಯ. ಸೆನ್ಸಾರ್ ಕತ್ತರಿಗೆ ಹೋದದ್ದು 1,200 ಅಡಿ, ಅಂದರೆ 19,200 ಬಿಡಿಚಿತ್ರ. ನೇಣು ಹಾಕಿದವರಿಗೆ ಶಿಕ್ಷೆಯಾಗದ ನಾಡಿನಲ್ಲಿ ನೇಣನ್ನು ತೋರಿಸಿದ್ದು ಅಪರಾಧವಾಯಿತು.

ಆಮೇಲೆ ಆ ಚಿತ್ರ ಇಡಿಯಾಗಿ ಮಾಯ. ದಶಕಗಳ ನಂತರ ಒಂದೇ ಒಂದು ಪ್ರಿಂಟು ಸಿಕ್ಕಿತು, ಅದೂ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ, ‘ಲಾ ನೆಗ್ರಾ’ ಎಂಬ ಹೆಸರಿನಲ್ಲಿ. ತೆರೆಯ ಮೇಲಿನ ಬರಹವೆಲ್ಲ ಸ್ಪ್ಯಾನಿಷ್‌ಗೆ ತಿರುಗಿತ್ತು. ಅದನ್ನು ವಾಪಸ್ ಇಂಗ್ಲಿಷಿಗೆ ತಂದು ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಚಿತ್ರಕ್ಕೆ ಮರುಜೀವ ಕೊಟ್ಟಿತು. ಮಿಶೋ ತೆಗೆದ ಇಪ್ಪತ್ತಕ್ಕೂ ಹೆಚ್ಚು ಮೂಕಿಚಿತ್ರಗಳಲ್ಲಿ ಉಳಿದದ್ದು ಮೂರು.

ಮಿಕ್ಕವು ಯಾಕೆ ಉಳಿಯಲಿಲ್ಲ? ಪ್ರಿಂಟುಗಳೇ ಬೆರಳೆಣಿಕೆಯಷ್ಟು, ಅವನ್ನೇ ಊರಿಂದೂರಿಗೆ ಸವೆಯುವ ತನಕ ಓಡಿಸುತ್ತಿದ್ದರು. ಮೇಲಾಗಿ ನೈಟ್ರೇಟ್ ಫಿಲ್ಮ್: ಕಿಡಿ ತಾಕಿದರೆ ಭಗ್ಗೆನ್ನುತ್ತದೆ, ಇಟ್ಟಲ್ಲೇ ಕೊಳೆಯುತ್ತದೆ. 1948ರ ಕೊನೆಯ ಚಿತ್ರ ‘ದಿ ಬಿಟ್ರೇಯಲ್’ ಮೂರು ಗಂಟೆಗೂ ಮಿಕ್ಕಿದ್ದು, ಅದೂ ಹೋಯಿತು. ಮೂರು ವರ್ಷಕ್ಕೆ ಮಿಶೋ ತೀರಿಕೊಂಡ.

ಕಳೆದುಹೋದ ಚಿತ್ರಗಳಲ್ಲಿ ಏನಿತ್ತೆಂದು ತಿಳಿಯಲು ಇಂದಿನ ಸಂಶೋಧಕರು ನ್ಯೂಯಾರ್ಕ್ ರಾಜ್ಯದ ಪತ್ರಾಗಾರದಲ್ಲಿರುವ ಸೆನ್ಸಾರ್ ಕಡತಗಳನ್ನು ತೆರೆಯುತ್ತಾರೆ. ಏನನ್ನು ಕತ್ತರಿಸಬೇಕೆಂದು ಅಧಿಕಾರಿಗಳು ಅಲ್ಲಿ ಬರೆದಿಟ್ಟಿದ್ದಾರೆ.