ಅಂತರ್ಜಲದ ಗುಣ ಹೇಳುವ ನಕ್ಷೆ

ಒಂದು ಪ್ರದೇಶದ ಬಾವಿ, ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ, ಎಲ್ಲಿನ ನೀರು ಕುಡಿಯಲು ಯೋಗ್ಯ, ಎಲ್ಲಿನದು ಅಲ್ಲ ಎಂಬುದನ್ನು ಬಣ್ಣಗಳಲ್ಲಿ ತೋರಿಸುವುದೇ ಅಂತರ್ಜಲ ಗುಣಮಟ್ಟದ ನಕ್ಷೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಹಾಗೂ ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ ಇದು ಬಹಳ ಮುಖ್ಯ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯ ಊರುಗಳು ಬಹುಕಾಲದಿಂದ ಹೆಚ್ಚಾಗಿ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿವೆ. ಇಲ್ಲಿನ ದೊಡ್ಡ ತೊಂದರೆಯಾದ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಅದು ಗೊತ್ತಾಗದು. ತಿಳಿಯಾಗಿ ಕಾಣುವ ನೀರು ಸುರಕ್ಷಿತವೇ ಎಂದು ಪರೀಕ್ಷೆಯಿಂದಷ್ಟೇ ತಿಳಿಯುತ್ತದೆ.

ಫ್ಲೋರೈಡ್‌ನ ಮೂಲ ನೆಲದಡಿಯ ಬಂಡೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ, ಕ್ಷಾರಗುಣ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಇಂಥ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಹೆಚ್ಚು ಪ್ರಮಾಣದಲ್ಲಿ ಹಲವು ವರ್ಷ ದೇಹ ಸೇರಿದರೆ ಮೂಳೆ, ಕೀಲುಗಳು ಬಿಗಿದು ನಡೆದಾಡುವುದೇ ಕಷ್ಟವಾಗುತ್ತದೆ. ಅಂತರ್ಜಲದ ಇನ್ನೊಂದು ತೊಂದರೆಯಾದ ನೈಟ್ರೇಟ್ ಬಹುತೇಕ ಮನುಷ್ಯರ ಚಟುವಟಿಕೆಯಿಂದ ಬರುವಂಥದ್ದು. ಶೌಚಗುಂಡಿ, ತಿಪ್ಪೆ ಮತ್ತು ಹೊಲಕ್ಕೆ ಹಾಕಿದ ಯೂರಿಯಾದಿಂದ ಅದು ಇಂಗುತ್ತದೆ. ಹಸುಗೂಸುಗಳ ರಕ್ತಕ್ಕಿರುವ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಅದು ಕುಗ್ಗಿಸುತ್ತದೆ.

ಯೋಗ್ಯತೆಯನ್ನು ಅಳೆಯಲು ಭಾರತದಲ್ಲಿ ಐಎಸ್ 10500 ಎಂಬ ಮಾನಕವಿದೆ. 2012ರ ಆವೃತ್ತಿಯ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಒಟ್ಟು ಕರಗಿದ ಲವಣಾಂಶಕ್ಕೆ 500, ಅನಿವಾರ್ಯವಾದರೆ 2000 ಮಿಲಿಗ್ರಾಂ ಮಿತಿ. ನೈಟ್ರೇಟ್‌ಗೆ 45 ಮಿಲಿಗ್ರಾಂ ಮಿತಿಯಿದ್ದು, ಅದರಲ್ಲಿ ಸಡಿಲಿಕೆಯೇ ಇಲ್ಲ.

ನಕ್ಷೆಯ ಕೆಲಸ ಬಾವಿಯ ಬಳಿ ಶುರುವಾಗುತ್ತದೆ. ಪೈಪಿನಲ್ಲಿ ನಿಂತ ಹಳೆ ನೀರು ಹೋಗುವಷ್ಟು ಹೊತ್ತು ಪಂಪ್ ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ತೊಳೆದು ತುಂಬಿಸುತ್ತಾರೆ. ಪಿಎಚ್ ಮತ್ತು ವಿದ್ಯುತ್ ವಾಹಕತೆಯನ್ನು ಅಲ್ಲೇ ಅಳೆದು, ಬಾವಿಯ ಆಳ, ದಿನಾಂಕ, ಜಿಪಿಎಸ್ ಅಕ್ಷಾಂಶ–ರೇಖಾಂಶಗಳನ್ನು ಬರೆದುಕೊಳ್ಳುತ್ತಾರೆ. ಮಳೆಗಾಲದ ಮುಂಚೆ ಮತ್ತು ನಂತರ ಎರಡು ಸಲ ಮಾದರಿ ತೆಗೆದರೆ ಋತುವಿನ ಏರಿಳಿತವೂ ಸಿಗುತ್ತದೆ. ಪ್ರಯೋಗಾಲಯದಲ್ಲಿ ಧನ ಮತ್ತು ಋಣ ಅಯಾನುಗಳ ಲೆಕ್ಕ ಪರಸ್ಪರ ತಾಳೆಯಾಗದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಫಲಿತಾಂಶಗಳನ್ನು ಜಿಐಎಸ್ ತಂತ್ರಾಂಶಕ್ಕೆ ಹಾಕಿದಾಗ ಪ್ರತಿ ಬಾವಿಯೂ ಒಂದು ಬಿಂದುವಾಗುತ್ತದೆ. ಬಿಂದುಗಳ ನಡುವಿನ ಜಾಗಕ್ಕೆ ಸುತ್ತಲಿನ ಬಾವಿಗಳ ಮೌಲ್ಯಗಳಿಂದ ಅಂದಾಜು ಕಟ್ಟಲಾಗುತ್ತದೆ. ಹತ್ತಿರದ ಬಾವಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಡುವುದು ಒಂದು ವಿಧಾನ. ಮೌಲ್ಯಗಳು ದೂರಕ್ಕೆ ತಕ್ಕಂತೆ ಬದಲಾಗುವ ರೀತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಿಗಿಂಗ್ ಇನ್ನೊಂದು.

ಹಲವು ಅಂಶಗಳನ್ನು ಒಂದೇ ಅಂಕೆಗೆ ಇಳಿಸುವುದು ಜಲಗುಣ ಸೂಚ್ಯಂಕ. ಪ್ರತಿ ಅಂಶದ ಪ್ರಮಾಣವನ್ನು ಅದರ ಮಿತಿಯಿಂದ ಭಾಗಿಸಿ, ನೂರರಿಂದ ಗುಣಿಸಿ, ಆರೋಗ್ಯದ ಮಹತ್ವಕ್ಕೆ ತಕ್ಕ ತೂಕ ಕೊಟ್ಟು ಕೂಡುತ್ತಾರೆ. ಸಾಮಾನ್ಯವಾಗಿ 50ರ ಒಳಗೆ ಅತ್ಯುತ್ತಮ, 100ರ ಒಳಗೆ ಉತ್ತಮ, 300 ದಾಟಿದರೆ ಅಯೋಗ್ಯ. ಆದರೆ ಇದರಲ್ಲೊಂದು ಅಪಾಯವಿದೆ. ಒಂದು ಬಾವಿಯಲ್ಲಿ ಫ್ಲೋರೈಡ್ 2.4 ಮಿಲಿಗ್ರಾಂ ಇದೆ ಎನ್ನೋಣ. 1.5ರ ಮಿತಿಗೆ ಹೋಲಿಸಿದರೆ ಅದರ ಅಂಕ 160. ಫ್ಲೋರೈಡ್‌ಗೆ ಐದನೇ ಒಂದು ಪಾಲು ತೂಕವಿದ್ದು, ಉಳಿದವುಗಳ ಸರಾಸರಿ ಅಂಕ 50 ಆದರೆ ಸೂಚ್ಯಂಕ 72. ಹಲ್ಲು ಕೆಡಿಸುವ ನೀರು ‘ಉತ್ತಮ’ ಸಾಲಿಗೆ ಸೇರಿತು. ಆದ್ದರಿಂದ ಸೂಚ್ಯಂಕದ ಜೊತೆಗೆ ಫ್ಲೋರೈಡ್, ನೈಟ್ರೇಟ್‌ಗಳಿಗೆ ಪ್ರತ್ಯೇಕ ನಕ್ಷೆ ಇರಲೇಬೇಕು.

ಗಟ್ಟಿಬಂಡೆಯ ನೆಲದಲ್ಲಿ ನೀರಿನ ಬಿರುಕುಗಳು ಒಂದೇ ಸಮನಾಗಿ ಹರಡಿರುವುದಿಲ್ಲ. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರೇ ಬೇರೆ ಬೇರೆಯಾಗಿರಬಹುದು. ಹಾಗಾಗಿ ನಕ್ಷೆಯ ಹಸಿರು ಬಣ್ಣವನ್ನೇ ನಂಬಿ ಯಾವ ಬಾವಿಯ ನೀರನ್ನೂ ಕುಡಿಯಲು ಕೊಡಬಾರದು. ಎಲ್ಲಿ ಮೊದಲು ಪರೀಕ್ಷೆ ನಡೆಯಬೇಕು, ಎಲ್ಲಿ ಶುದ್ಧೀಕರಣ ಘಟಕ ಅಥವಾ ಮಳೆನೀರು ಸಂಗ್ರಹ ತುರ್ತು, ಎಲ್ಲಿಗೆ ದೂರದ ನೀರು ತರಬೇಕು ಎಂದು ತೀರ್ಮಾನಿಸಲು ನಕ್ಷೆ ನೆರವಾಗುತ್ತದೆ. ಕುದಿಸುವುದರಿಂದ ಫ್ಲೋರೈಡ್ ಆಗಲಿ ನೈಟ್ರೇಟ್ ಆಗಲಿ ಹೋಗುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಕೆಂಪಾಗಿ ಕಂಡ ಊರಿಗೆ ಬದಲಿ ನೀರು ಒದಗಿಸುವುದು ಆಡಳಿತದ ಹೊಣೆ, ಹಸಿರಾಗಿ ಕಂಡ ಊರಲ್ಲೂ ಪ್ರತಿ ಬಾವಿಯ ನೀರನ್ನು ನಿಯತವಾಗಿ ಪರೀಕ್ಷಿಸುವುದು ಅಗತ್ಯ.