ಲೋಹಕ್ಕೆ ಬಣ್ಣ ಹತ್ತುವ ಬಗೆ

ಬಣ್ಣ ಬಟ್ಟೆಗೆ ಹತ್ತುತ್ತದೆ, ಹಿಡಿಯುತ್ತದೆ, ಕೂರುತ್ತದೆ, ಒಗೆದಾಗ ಬಿಡುತ್ತದೆ. ನಿತ್ಯದ ವ್ಯವಹಾರಕ್ಕೆ ಕನ್ನಡದ ಈ ಕ್ರಿಯಾಪದಗಳು ಸಾಲುತ್ತವೆ. ಆದರೆ ಹತ್ತುವುದೂ ಕೂರುವುದೂ ಒಂದೇ ಕ್ರಿಯೆಯೇ ಎಂದು ಕೇಳಿಕೊಂಡಾಗ ರಸಾಯನಶಾಸ್ತ್ರದ ಹಳೆಯ ವಾದವೊಂದು ಎದುರಾಗುತ್ತದೆ. ಬಟ್ಟೆಯನ್ನು ಕುರಿತು ಆರಂಭವಾದ ಆ ವಾದ ಲೋಹದ ಬಳಿಗೆ ಬಂದಾಗ ಬೇರೆಯೇ ಅರ್ಥ ಪಡೆಯುತ್ತದೆ.

ಪಟಿಕದ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಮಂಜಿಷ್ಠದ ಕೆಂಪು ಗಟ್ಟಿಯಾಗಿ ನಿಲ್ಲುವುದನ್ನು ನಮ್ಮ ಬಣ್ಣಗಾರರು ಶತಮಾನಗಳಿಂದ ಬಲ್ಲರು. ಪಟಿಕದಂತಹ ವರ್ಣಬಂಧಕವನ್ನು ಫ್ರೆಂಚರು 'ಕಚ್ಚುವಂಥದು' ಎಂಬರ್ಥದ ಪದದಿಂದ ಕರೆದರು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಎಲೊ ಎಂಬ ಫ್ರೆಂಚ್ ವಿದ್ವಾಂಸನು, ಲವಣವು ನೂಲಿನ ರಂಧ್ರಗಳನ್ನು ತೆರೆಯುತ್ತದೆ, ಬಣ್ಣದ ಕಣ ಒಳಹೊಕ್ಕು ಕೂರುತ್ತದೆ, ಬಳಿಕ ರಂಧ್ರ ಮುಚ್ಚಿಕೊಳ್ಳುತ್ತದೆ ಎಂದು ವಿವರಿಸಿದ. ಬೆರ್ತೊಲೆ 1791ರ ತನ್ನ ಗ್ರಂಥದಲ್ಲಿ ಇದನ್ನು ರಾಸಾಯನಿಕ ಆಕರ್ಷಣೆಯ ಫಲವೆಂದು ವಾದಿಸಿದ. ಪಟಿಕದ ಮಟ್ಟಿಗೆ ಗೆದ್ದದ್ದು ಬೆರ್ತೊಲೆಯ ಪಕ್ಷ. ಎಲೊನನ್ನು ಮಾತ್ರ ಅಷ್ಟು ಬೇಗ ಕೈಬಿಡಲಾಗದು.

ಹೊಳೆಯುವ ಅಲ್ಯೂಮಿನಿಯಂ ತಗಡನ್ನು ಬಣ್ಣದ ನೀರಿನಲ್ಲಿ ಮುಳುಗಿಸಿ ತೊಳೆದರೆ ಏನೂ ಉಳಿಯುವುದಿಲ್ಲ. ಗಾಳಿ ತಾಗಿದೊಡನೆ ಆ ಲೋಹದ ಮೇಲೆ ಆಕ್ಸೈಡಿನ ಪೊರೆಯೊಂದು ಕಟ್ಟುತ್ತದೆ; ಅದರ ದಪ್ಪ ಕೆಲವೇ ನ್ಯಾನೋಮೀಟರ್. ಅದರ ಮೇಲೆ ಅಣುಗಳ ಒಂದು ಪದರ ನಿಂತರೂ ಕಣ್ಣಿಗೆ ಬಣ್ಣವೆನಿಸದು. ಅದೇ ತಗಡನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿಟ್ಟು ಧನಧ್ರುವಕ್ಕೆ ಜೋಡಿಸಿ ವಿದ್ಯುತ್ ಹಾಯಿಸಿದರೆ ಪೊರೆ ಬೆಳೆಯತೊಡಗುತ್ತದೆ. ಜೊತೆಗೇ ಆಮ್ಲ ಅದನ್ನು ಅಲ್ಲಲ್ಲಿ ಕರಗಿಸುತ್ತಲೂ ಇರುತ್ತದೆ. ಕಟ್ಟುವ, ಕರಗಿಸುವ ಈ ಪೈಪೋಟಿಯಿಂದ ಹತ್ತಿಪ್ಪತ್ತು ಮೈಕ್ರಾನ್ ದಪ್ಪದ, ಜೇನುಗೂಡಿನಂತಹ ಪದರ ಏಳುತ್ತದೆ. ರಂಧ್ರದ ಅಗಲ ಸುಮಾರು 10ರಿಂದ 20 ನ್ಯಾನೋಮೀಟರ್. ಬಣ್ಣದ ಅಣುವಿನದು ಒಂದೆರಡು ನ್ಯಾನೋಮೀಟರ್. ಆಳವಾದರೋ ಅಗಲದ ಸಾವಿರ ಪಟ್ಟು. ಬಾವಿಯ ಉಪಮೆಯೂ ಇಲ್ಲಿ ಸಾಲದು. ಒಳಗೋಡೆಗಳನ್ನೆಲ್ಲ ಬಿಡಿಸಿ ಹರವಿದರೆ ತಗಡಿನ ವಿಸ್ತೀರ್ಣದ ನೂರಾರು ಪಟ್ಟಾಗುತ್ತದೆ. ಬಣ್ಣ ಕಣ್ಣಿಗೆ ತುಂಬುವುದು ಇದರಿಂದಲೇ.

ಗೋಡೆಯ ಮೇಲೆ ಅಣು ನಿಲ್ಲುವ ಬಗೆ ಒಂದೇ ಅಲ್ಲ. ಅಲ್ಪ ಆಮ್ಲೀಯ ದ್ರಾವಣದಲ್ಲಿ ಆಕ್ಸೈಡಿನ ಮೇಲ್ಮೈ ಧನ ವಿದ್ಯುದಂಶ ಪಡೆಯುತ್ತದೆ. ಋಣ ವಿದ್ಯುದಂಶವುಳ್ಳ ಬಣ್ಣಗಳು ಅತ್ತ ಸೆಳೆಯಲ್ಪಡುತ್ತವೆ. ಅಲಿಜರಿನ್ ಕುಲದ ಬಣ್ಣಗಳ ಹಿಡಿತ ಇನ್ನೂ ಬಿಗಿ. ಅಣುವಿನ ಅಂಚಿನ ಎರಡು ನೆರೆಯ ಆಕ್ಸಿಜನ್ ಪರಮಾಣುಗಳು ಒಂದೇ ಅಲ್ಯೂಮಿನಿಯಂ ಅಯಾನನ್ನು ಏಡಿಯ ಇಕ್ಕುಳದಂತೆ ಹಿಡಿಯುತ್ತವೆ. ಇಂತಹ ಬಂಧಕ್ಕಿರುವ ಚೀಲೇಟ್ ಎಂಬ ಹೆಸರಿಗೂ ಏಡಿಯ ಇಕ್ಕುಳವೆಂಬ ಗ್ರೀಕ್ ಪದವೇ ಮೂಲ. ಪಟಿಕದಲ್ಲಿರುವುದೂ ಅಲ್ಯೂಮಿನಿಯಮ್ಮೇ ಆದ್ದರಿಂದ, ಕೆಂಪು ಸೀರೆಯಲ್ಲಿ ನಡೆದದ್ದೇ ಇಲ್ಲಿ ಲೋಹದ ಮೇಲೆ ನಡೆಯುತ್ತದೆ. ಕೊನೆಗೆ ತಗಡನ್ನು ಕುದಿನೀರಿನಲ್ಲಿಡುತ್ತಾರೆ. ಆಕ್ಸೈಡು ನೀರನ್ನು ಕೂಡಿಸಿಕೊಂಡು ಉಬ್ಬಿ ರಂಧ್ರಗಳ ಬಾಯಿ ಮುಚ್ಚುತ್ತದೆ. ಎಲೊ ಊಹಿಸಿದ ಮೂರು ಹಂತಗಳೂ ಇಲ್ಲಿ ಅಕ್ಷರಶಃ ನಡೆದುವು, ಬೆರ್ತೊಲೆಯೂ ಸುಳ್ಳಾಗಲಿಲ್ಲ. ಬಣ್ಣ ಕೂತಿದೆ, ಹತ್ತಿಯೂ ಇದೆ.

ಮೇಲ್ಮೈಗೆ ಅಣುಗಳು ಹೀಗೆ ಹತ್ತುವುದನ್ನು ನಮ್ಮ ಪಠ್ಯಗಳು 'ಅಧಿಶೋಷಣೆ' ಎನ್ನುತ್ತವೆ. ಈ ಪದ ನನಗೆ ಒಪ್ಪಿಗೆಯಿಲ್ಲ. ಶೋಷಣೆಯೆಂದರೆ ಒಳಗೆ ಹೀರುವುದು. ಇಲ್ಲಿ ಅಣು ಹೊರಗೇ ನಿಲ್ಲುತ್ತದೆ. ವಿದ್ಯಾರ್ಥಿಯ ಕಿವಿಗೆ ಆ ಪದ ತರುವ ಇನ್ನೊಂದು ಅರ್ಥವಂತೂ ಹೇಳುವುದೇ ಬೇಡ. 'ಹತ್ತಿಕೆ' ಎಂದರೆ ನಷ್ಟವೇನು?

ಬೆಳ್ಳಿಯ ವಿಷಯ ಬೇರೆ. ಅದರ ಮೇಲೆ ಇಂತಹ ಗೂಡು ಕಟ್ಟುವುದಿಲ್ಲ. ಅಣು ಲೋಹಕ್ಕೇ ತಾಗಿ ನಿಲ್ಲಬೇಕು. ಆದರೆ ಬೆಳ್ಳಿಯ ಸೂಕ್ಷ್ಮ ಕಣಗಳಿಗೆ ಹತ್ತಿದ ಬಣ್ಣದ ಅಣು, ಸಿ. ವಿ. ರಾಮನ್ 1928ರಲ್ಲಿ ಕಂಡ ಬೆಳಕಿನ ಚದುರಿಕೆಯನ್ನು ಲಕ್ಷಾಂತರ ಪಟ್ಟು ಪ್ರಬಲವಾಗಿ ತೋರುತ್ತದೆ. ಅದನ್ನು ಮರೆಮಾಡುತ್ತಿದ್ದ ಅಣುವಿನ ಸ್ವಂತ ಪ್ರತಿದೀಪ್ತಿಯನ್ನು ಲೋಹ ಆರಿಸಿಬಿಡುತ್ತದೆ. 1997ರಲ್ಲಿ ಎರಡು ಸಂಶೋಧಕ ತಂಡಗಳು ಈ ಮಾರ್ಗದಿಂದ ಬಣ್ಣದ ಒಂಟಿ ಅಣುವನ್ನೇ ಗುರುತಿಸಿದುವು. ವಸ್ತುಸಂಗ್ರಹಾಲಯಗಳಲ್ಲಿ ಪ್ರಾಚೀನ ವಸ್ತ್ರದ ಒಂದು ಚೂರು ಎಳೆಯಿಂದ ಅದರ ಬಣ್ಣ ಯಾವುದೆಂದು ಹೇಳಲು ಇದೀಗ ಈ ವಿಧಾನ ಬಳಕೆಯಲ್ಲಿದೆ. ಅಲಿಜರಿನ್ ಬೆಳ್ಳಿಗೆ ಹತ್ತಬೇಕಾದರೆ ಮೊದಲು ಎಳೆಯನ್ನು ಬಿಡಬೇಕು. ಅದಕ್ಕಾಗಿ ಆ ಎಳೆಗೆ ಆಮ್ಲದ ಹಬೆ ಕೊಟ್ಟು, ಪಟಿಕದೊಡನೆ ಶತಮಾನಗಳ ಹಿಂದೆ ಬಿದ್ದ ಇಕ್ಕುಳವನ್ನು ಸಡಿಲಿಸುತ್ತಾರೆ.