ಮೂರು ಹೆಸರುಗಳ ಒಂದು ಶಾಸ್ತ್ರ: ಅಮೆರಿಕದಲ್ಲಿ ಅಪರಾಧ ನ್ಯಾಯದ ಅಧ್ಯಯನ

ಒಂದು ಜ್ಞಾನಶಾಖೆಯ ಹೆಸರು ಬದಲಾದಾಗ ಅದರ ದೃಷ್ಟಿಯೂ ಬದಲಾಗಿರುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂದು ‘ಅಪರಾಧ ನ್ಯಾಯ’ ಎನಿಸಿಕೊಂಡಿರುವ ವಿಷಯವು ‘ಪೊಲೀಸ್ ವಿಜ್ಞಾನ’, ‘ಅಪರಾಧಶಾಸ್ತ್ರ’ ಎಂಬ ಹೆಸರುಗಳನ್ನು ಹಾದು ಬಂದಿದೆ. ಈ ಮೂರರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಪ್ರಜೆಯನ್ನು ಬಂಧಿಸುವ, ಬಲಪ್ರಯೋಗ ಮಾಡುವ ಅಧಿಕಾರವುಳ್ಳವರಿಗೆ ಎಂತಹ ವಿದ್ಯೆ ಬೇಕು?

ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್ ಪ್ರಮುಖರು. ಅವರಿಗೆ ಹೆಚ್ಚಿನ ಶಾಲಾಶಿಕ್ಷಣವಿರಲಿಲ್ಲ. ಅನೇಕ ನಗರಗಳಲ್ಲಿ ಪೊಲೀಸ್ ಉದ್ಯೋಗವು ರಾಜಕಾರಣಿಗಳ ಕೃಪೆಯಿಂದ ದೊರೆಯುತ್ತಿದ್ದ ಕಾಲದಲ್ಲಿ, 1908ರಲ್ಲಿ ಅವರು ತಮ್ಮ ಇಲಾಖೆಯಲ್ಲೇ ಶಾಲೆಯೊಂದನ್ನು ತೆರೆದರು. 1916ರಲ್ಲಿ ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಕಿಡ್ ಅವರೊಡಗೂಡಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೇಸಗೆಯ ತರಗತಿಗಳನ್ನು ಆರಂಭಿಸಿದರು. 1930ರಲ್ಲಿ ಸ್ಯಾನ್ ಹೋಸೆಯ ಕಾಲೇಜು, 1935ರಲ್ಲಿ ಮಿಷಿಗನ್ ಸ್ಟೇಟ್ ಕಾಲೇಜು ಪೊಲೀಸ್ ಶಿಕ್ಷಣವನ್ನು ತಮ್ಮ ಪಠ್ಯಕ್ರಮಕ್ಕೆ ಸೇರಿಸಿಕೊಂಡವು. ಈ ನಡುವೆ 1931ರಲ್ಲಿ ವಿಕರ್‌ಶಾಮ್ ಆಯೋಗವು, ತಪ್ಪೊಪ್ಪಿಗೆಗಾಗಿ ಪೊಲೀಸರು ಆರೋಪಿಗಳನ್ನು ಹಿಂಸಿಸುತ್ತಿದ್ದ ಪದ್ಧತಿಯನ್ನು ಬಯಲಿಗೆಳೆಯಿತು. ವಿದ್ಯಾವಂತ ಪೊಲೀಸರು ಬೇಕೆಂಬ ವಾದಕ್ಕೆ ಇದರಿಂದ ಬಲ ಬಂದಿತು.

ಇದಕ್ಕೆ ಸಮಾನಾಂತರವಾಗಿ ಮತ್ತೊಂದು ಧಾರೆ ಸಮಾಜಶಾಸ್ತ್ರ ವಿಭಾಗಗಳಲ್ಲಿ ಹರಿಯುತ್ತಿತ್ತು. 1924ರಲ್ಲಿ ಪ್ರಕಟವಾದ ಎಡ್ವಿನ್ ಸದರ್‌ಲ್ಯಾಂಡ್ ಅವರ ಪಠ್ಯಗ್ರಂಥವು ಅಪರಾಧಶಾಸ್ತ್ರಕ್ಕೆ ಭದ್ರವಾದ ನೆಲೆಯೊದಗಿಸಿತು. ಪೊಲೀಸ್ ವಿಜ್ಞಾನವು ಅಪರಾಧಿಯನ್ನು ಹಿಡಿಯುವುದು ಹೇಗೆಂದು ಕೇಳಿದರೆ, ಅಪರಾಧಶಾಸ್ತ್ರವು ಮನುಷ್ಯನು ಅಪರಾಧಿಯಾಗುವುದೇಕೆಂದು ಕೇಳಿತು. ಒಂದಕ್ಕೆ ಕಸುಬಿನ ಕೌಶಲ ಮುಖ್ಯ, ಇನ್ನೊಂದಕ್ಕೆ ಕಾರಣಗಳ ಶೋಧ.

ಮೂರನೆಯ ಹೆಸರು ಹುಟ್ಟಿದ್ದು ಬೇರೊಂದು ಅರಿವಿನಿಂದ. 1950ರ ದಶಕದಲ್ಲಿ ಅಮೆರಿಕನ್ ಬಾರ್ ಫೌಂಡೇಶನ್ ನಡೆಸಿದ ಕ್ಷೇತ್ರಾಧ್ಯಯನವು, ಕಾನೂನು ಪುಸ್ತಕದಲ್ಲಿರುವಂತೆ ಬೀದಿಯಲ್ಲಿ ನಡೆಯುವುದಿಲ್ಲವೆಂಬುದನ್ನು ತೋರಿಸಿತು. ಯಾರನ್ನು ಬಂಧಿಸಬೇಕು, ಯಾರನ್ನು ಬಿಡಬೇಕು, ಯಾವ ಆರೋಪ ಹೊರಿಸಬೇಕು ಎಂಬ ಪ್ರತಿ ಹಂತದಲ್ಲಿಯೂ ಅಧಿಕಾರಿಯ ವಿವೇಚನೆ ಕೆಲಸ ಮಾಡುತ್ತದೆ. ಒಂದು ಹಂತದ ತೀರ್ಮಾನ ಮುಂದಿನ ಹಂತವನ್ನು ರೂಪಿಸುತ್ತದೆ. ಆದ್ದರಿಂದ ಪೊಲೀಸ್, ಅಭಿಯೋಜಕ, ನ್ಯಾಯಾಲಯ, ಸೆರೆಮನೆ ಇವೆಲ್ಲವನ್ನೂ ಒಂದೇ ವ್ಯವಸ್ಥೆಯೆಂದು ಅಭ್ಯಸಿಸಬೇಕೆಂಬ ಚಿಂತನೆ ಬೆಳೆಯಿತು. 1968ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಆರಂಭವಾದ ಅಪರಾಧ ನ್ಯಾಯ ಶಾಲೆಯು ಇದೇ ನೋಟದಿಂದ ಡಾಕ್ಟರೇಟ್ ಅಧ್ಯಯನಕ್ಕೆ ಅವಕಾಶ ಕಲ್ಪಿಸಿತು.

ಆ ವೇಳೆಗೆ ಸರ್ಕಾರದ ಹಣವೂ ಹರಿದುಬಂದಿತು. ಪೊಲೀಸರೆಲ್ಲ ಕ್ರಮೇಣ ಪದವೀಧರರಾಗಬೇಕೆಂದು 1967ರಲ್ಲಿ ಅಧ್ಯಕ್ಷೀಯ ಆಯೋಗವು ಶಿಫಾರಸು ಮಾಡಿತು. 1968ರ ಕಾಯಿದೆಯ ನಂತರ ಪೊಲೀಸರಿಗೂ ಪೊಲೀಸರಾಗಬಯಸುವ ವಿದ್ಯಾರ್ಥಿಗಳಿಗೂ ಸಾಲ, ಸಹಾಯಧನಗಳು ದೊರೆತವು. ವಿಭಾಗಗಳು ಅಣಬೆಗಳಂತೆ ಎದ್ದವು. ಆದರೆ ಸಂಖ್ಯೆಯೊಡನೆ ಸತ್ವ ಬೆಳೆಯಲಿಲ್ಲ. ಅನೇಕ ಕಾಲೇಜುಗಳು ತರಬೇತಿಯನ್ನೇ ಶಿಕ್ಷಣವೆಂದು ಕರೆಯುತ್ತಿವೆ, ಸಂಕುಚಿತ ಪಠ್ಯಗಳ ಬದಲು ವಿಶಾಲವಾದ ಮಾನವಿಕ ಶಿಕ್ಷಣ ಬೇಕು ಎಂದು ಲಾರೆನ್ಸ್ ಶರ್ಮನ್ ಅವರು ಸಿದ್ಧಪಡಿಸಿದ 1978ರ ವರದಿ ಟೀಕಿಸಿತು. ಅದಕ್ಕೆ ಎರಡು ವರ್ಷ ಮೊದಲು, 1976ರಲ್ಲಿ, ಬರ್ಕ್ಲಿಯ ಅಪರಾಧಶಾಸ್ತ್ರ ಶಾಲೆಯೇ ಮುಚ್ಚಿತ್ತು. ಪೊಲೀಸ್ ಹಾಗೂ ಸೆರೆಮನೆ ವ್ಯವಸ್ಥೆಗಳನ್ನು ನಿಷ್ಠುರವಾಗಿ ವಿಮರ್ಶಿಸುತ್ತಿದ್ದ ಅಧ್ಯಾಪಕರು ಅಲ್ಲಿದ್ದರು. ವಿದ್ಯಾರ್ಥಿಗಳ ಪ್ರತಿಭಟನೆ ಅದನ್ನು ಉಳಿಸಲಾಗಲಿಲ್ಲ.

ಹೀಗೆ ಈ ಶಾಸ್ತ್ರ ಎರಡು ಒತ್ತಡಗಳ ನಡುವೆ ಬೆಳೆದಿದೆ: ವ್ಯವಸ್ಥೆಗೆ ಸಿಬ್ಬಂದಿಯನ್ನು ಒದಗಿಸುವುದು, ಅದೇ ವ್ಯವಸ್ಥೆಯನ್ನು ಪ್ರಶ್ನಿಸುವುದು. ಮೊದಲನೆಯದನ್ನು ತರಬೇತಿ ಕೇಂದ್ರವೂ ಮಾಡಬಲ್ಲದು. ಎರಡನೆಯದಕ್ಕೆ ವಿಶ್ವವಿದ್ಯಾಲಯವೇ ಬೇಕು. ಅಮೆರಿಕದ ಬಹುಪಾಲು ಪೊಲೀಸ್ ಇಲಾಖೆಗಳು ಇಂದಿಗೂ ಪದವಿಯನ್ನು ಕಡ್ಡಾಯಗೊಳಿಸಿಲ್ಲವೆಂಬುದನ್ನು ನೆನೆದರೆ, ವೋಲ್ಮರ್ ಎತ್ತಿದ ಪ್ರಶ್ನೆ ಇನ್ನೂ ಮುಗಿದಿಲ್ಲವೆಂದೇ ಹೇಳಬೇಕು.